ಉಪ್ಪುನೀರಿನ ತೊಟ್ಟಿಯ ತಳಕ್ಕೆ ಯಾವ ಮರಳು?

ಪ್ರಶ್ನೆ: 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಗಾಜಿನ ತೊಟ್ಟಿಯಲ್ಲಿ ಮೊದಲ ಬಾರಿಗೆ ಸಮುದ್ರದ ಮೀನು ಸಾಕಲು ಹೊರಟಿದ್ದೇನೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ರಾಸ್ ಮೀನು ಹಾಗೂ ಕೆಲವು ಮೃದು ಹವಳಗಳು ಇರಬೇಕೆಂಬ ಆಸೆಯಿದೆ. ಹವಳದ ಚೂರು ಹಾಕಿದರೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ತಾನಾಗಿಯೇ ಸರಿಯಾಗಿರುತ್ತದೆ ಎಂದು ಒಬ್ಬರು, ಕಡಲತೀರದ ಮರಳೇ ಸಾಕೆಂದು ಇನ್ನೊಬ್ಬರು, ತಳ ಬರಿದಾಗಿರುವುದೇ ಲೇಸೆಂದು ಮತ್ತೊಬ್ಬರು ಹೇಳುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ರಾಸ್ ಮೀನೇ ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬಿಡಿಸಿಕೊಡುತ್ತದೆ. ಹಳದಿ ರಾಸ್ ರಾತ್ರಿಯಾದರೆ ಮರಳಿನೊಳಗೆ ಹುದುಗಿ ಮಲಗುತ್ತದೆ. ಹೆದರಿದಾಗಲೂ ಅಲ್ಲಿಗೇ ನುಗ್ಗುತ್ತದೆ. ಬರಿಯ ಗಾಜಿನ ಮೇಲೆ ಅದಕ್ಕೆ ನೆಮ್ಮದಿಯಿಲ್ಲ, ಚೂಪಾದ ಹವಳದ ಚೂರಿನಲ್ಲಿ ಮೈ ತರಚಿಕೊಳ್ಳುವ ಅಪಾಯವಿದೆ. ಆದ್ದರಿಂದ ಒಂದರಿಂದ ಎರಡು ಮಿಲಿಮೀಟರ್ ಕಾಳಿನ ಅರಾಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಖನಿಜ) ಮರಳನ್ನು ಸುಮಾರು ಐದು ಸೆಂ.ಮೀ. ದಪ್ಪಕ್ಕೆ ಹಾಸಿರಿ. ನಿಮ್ಮ ತೊಟ್ಟಿಗೆ ಇದು 20 ಲೀಟರಿನಷ್ಟು, ಅಂದರೆ ಅಂದಾಜು 30 ಕಿಲೋ ಆಗುತ್ತದೆ. ಇದಕ್ಕಿಂತ ನುಣುಪಾದ, ಸಕ್ಕರೆಯಂತಹ ಮರಳು ನೋಡಲು ಚೆಂದವಾದರೂ ಪಂಪಿನ ಸೆಳೆತಕ್ಕೆ ಎದ್ದು ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ ಮತ್ತು ಹವಳಗಳ ಮೇಲೆ ಬಿದ್ದು ಅವನ್ನು ಬಾಧಿಸುತ್ತದೆ.

ಪಿಎಚ್ ಬಗೆಗಿನ ಮಾತನ್ನು ಮಾತ್ರ ದಯವಿಟ್ಟು ನಂಬಿ ಕೂರಬೇಡಿ. ಹವಳದ ಚೂರೂ ಅರಾಗೊನೈಟೂ ಕ್ಯಾಲ್ಸಿಯಂ ಕಾರ್ಬೊನೇಟೇ ಎಂಬುದು ನಿಜ. ಆದರೆ ಸಮುದ್ರದ ನೀರಿನಲ್ಲಿ ಅದು ಮೊದಲೇ ತುಂಬಿಕೊಂಡಿರುವುದರಿಂದ, 8.1ರಿಂದ 8.4ರ ಆಸುಪಾಸಿನ ಪಿಎಚ್‌ನಲ್ಲಿ ಮರಳು ಗಮನಾರ್ಹವಾಗಿ ಕರಗುವುದೇ ಇಲ್ಲ. ಹವಳಗಳು ಹೀರಿಕೊಳ್ಳುವ ಕ್ಷಾರಾಂಶವನ್ನು ನೀವು ನೀರು ಬದಲಾಯಿಸುತ್ತ, ಪರೀಕ್ಷಿಸುತ್ತ ಕಾಪಾಡಿಕೊಳ್ಳಬೇಕೇ ಹೊರತು ತಳಹಾಸಿನ ಪಾಲಿಗೆ ಬಿಡಬಾರದು. ಅಲ್ಲದೆ ದಪ್ಪ ಚೂರುಗಳ ಸಂದುಗಳಲ್ಲಿ ಉಳಿದ ಆಹಾರವೂ ಮೀನಿನ ಹೊಲಸೂ ಇಳಿದು ಕೊಳೆತು ನೈಟ್ರೇಟ್ ಏರುತ್ತದೆ. ವಾರವಾರ ಪೈಪಿನಿಂದ ಕಸ ಎಳೆಯುವ ಶ್ರದ್ಧೆ ಇಲ್ಲದವರಿಗೆ ಇದು ತಕ್ಕ ಆಯ್ಕೆಯಲ್ಲ.

ಕಡಲತೀರದ ಮರಳನ್ನು ತರಬೇಡಿ. ಅದರಲ್ಲಿ ಎಣ್ಣೆ, ಲೋಹ, ಕೊಳೆಯುವ ಜೀವಿಗಳು ಏನೆಲ್ಲ ಇರಬಹುದೆಂಬುದು ಕಣ್ಣಿಗೆ ಕಾಣುವುದಿಲ್ಲ. ಬರಿ ತಳದ ಸಲಹೆ ಕೊಟ್ಟವರು ತಪ್ಪು ಹೇಳಿಲ್ಲ: ರಭಸದ ಹರಿವು ಬೇಡುವ ಗಟ್ಟಿ ಹವಳಗಳನ್ನೇ ಬೆಳೆಸುವವರಿಗೆ ಅದು ನಿಜಕ್ಕೂ ಅನುಕೂಲ, ಏಕೆಂದರೆ ಕಸ ಎಲ್ಲಿಯೂ ತಂಗುವುದಿಲ್ಲ. ನಿಮ್ಮ ಬಯಕೆ ಬೇರೆಯಾಗಿದೆ, ಅಷ್ಟೆ.

ಕೆಲಸದ ಕ್ರಮವೂ ಮುಖ್ಯ. ಮೊದಲು ಕಲ್ಲುಗಳನ್ನು ನೇರವಾಗಿ ತಳದ ಗಾಜಿನ ಮೇಲೆ ಕದಲದಂತೆ ಕೂರಿಸಿ, ಅನಂತರ ಸುತ್ತಲೂ ಮರಳು ತುಂಬಿರಿ; ಮರಳಿನ ಮೇಲಿಟ್ಟ ಕಲ್ಲು, ಮೀನು ಅಡಿಯಲ್ಲಿ ಅಗೆದ ದಿನ ಉರುಳಿ ಮೀನನ್ನೂ ಗಾಜನ್ನೂ ಹಾಳುಮಾಡಬಲ್ಲದು. ಒಣ ಮರಳನ್ನು ಬಿಳಿ ಗಸಿ ಹೋಗುವವರೆಗೆ ತೊಳೆದು, ಕೊನೆಯ ಸಲ ಆರ್‌ಒ ನೀರಿನಲ್ಲಿ ಜಾಲಿಸಿರಿ. ಜೀವಂತ ಬ್ಯಾಕ್ಟೀರಿಯಾ ಇರುವ ಒದ್ದೆ ಮರಳನ್ನು ತಂದರೆ ತೊಳೆಯಬೇಡಿ. ಆದರೆ ಆ ಚೀಲದ ಭರವಸೆಯ ಮೇಲೆ ಮೀನನ್ನು ಮಾರನೆಯ ದಿನವೇ ಬಿಡಬೇಡಿ. ಮೀನಿಗೆ ವಿಷವಾದ ಅಮೋನಿಯ ಮತ್ತು ನೈಟ್ರೈಟ್ ಎರಡೂ ಬ್ಯಾಕ್ಟೀರಿಯಾ ಬೆಳೆದು ಸೊನ್ನೆಗಿಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಈ ನಡುವೆ ಮರಳಿನ ಮೇಲೆ ಕಂದು ಪೊರೆ ಹಬ್ಬಿದರೆ ಗಾಬರಿಯಾಗಬೇಡಿ. ಅದು ಹೊಸ ತೊಟ್ಟಿಗಳಲ್ಲಿ ಕಾಣುವ ಡಯಾಟಮ್ ಪಾಚಿ. ಬಹುತೇಕ ತಾನಾಗಿಯೇ ಹಿಂಜರಿಯುತ್ತದೆ.

ಪ್ರಶ್ನೆ: ಹಲವು ವರ್ಷ ಹಳೆಯ ತೊಟ್ಟಿಯಲ್ಲಿ ಹನ್ನೆರಡು ಸೆಂ.ಮೀ. ಮರಳಿದೆ. ಕೆಳಪದರ ಕಪ್ಪಾಗಿದ್ದು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ತೆಗೆದುಬಿಡಲೇ?

ಉತ್ತರ: ಇನ್ನು ಮುಂದೆ ಕೆದಕಬೇಡಿ. ಆಮ್ಲಜನಕವಿಲ್ಲದ ಆಳದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೀನಿಗೆ ವಿಷ. ಅಲುಗಿಸದಿದ್ದರೆ ಅದು ಮೇಲೇರುವ ಹಾದಿಯಲ್ಲಿಯೇ ಉತ್ಕರ್ಷಣಗೊಳ್ಳುತ್ತದೆ, ಅಂದರೆ ಆಮ್ಲಜನಕದೊಡನೆ ವರ್ತಿಸಿ ವಿಷ ಕಳೆದುಕೊಳ್ಳುತ್ತದೆ. ತೆಗೆಯಲೇಬೇಕಾದರೆ ಮೀನು, ಹವಳಗಳನ್ನು ಅದೇ ತೊಟ್ಟಿಯ ನೀರು ತುಂಬಿದ ಬೇರೆ ಪಾತ್ರೆಗೆ ಸಾಗಿಸಿ, ಮರಳನ್ನು ಪೂರ್ತಿ ಹೊರಹಾಕಿದ ನಂತರವೇ ಹೊಸ ಉಪ್ಪುನೀರು ತುಂಬಿರಿ, ಅಮೋನಿಯವನ್ನು ಒಂದೆರಡು ವಾರ ದಿನವೂ ಪರೀಕ್ಷಿಸಿರಿ.