ಪಿಜೆ ಹಾರ್ವಿ ಎದೆಗವಚಿಕೊಂಡ ವಾದ್ಯ

ಪ್ರಶ್ನೆ: ಇಂಗ್ಲೆಂಡಿನ ಗಾಯಕಿ ಪಿಜೆ ಹಾರ್ವಿ ಅಬ್ಬರದ ಗಿಟಾರ್‌ಗೆ ಹೆಸರಾದವರು. ಆಮೇಲೆ ಎದೆಗವಚಿಕೊಂಡು ನುಡಿಸಿದ ತಂತಿವಾದ್ಯ ಯಾವುದು? ಅಂಥದ್ದೇ ಹಳೆಯದೊಂದು ನನ್ನಲ್ಲಿದೆ, ಯಾವ ಗುಂಡಿ ಒತ್ತಿದರೂ ಅಪಸ್ವರ.
– ಓದುಗರು, ಧಾರವಾಡ

ಉತ್ತರ: ಅದು ಆಟೋಹಾರ್ಪ್. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದಲ್ಲಿ ಬೆಳೆದ ಹಾರ್ವಿ 1993ರ ‘ರಿಡ್ ಆಫ್ ಮಿ’ ಆಲ್ಬಮ್ಮಿನವರೆಗೆ ಮೂವರ ತಂಡ ಕಟ್ಟಿಕೊಂಡಿದ್ದರು. 2007ರಲ್ಲಿ, ಕೈ ಅಷ್ಟಾಗಿ ಪಳಗಿರದ ಪಿಯಾನೊ ಮುಂದೆ ಕುಳಿತು ‘ವೈಟ್ ಚಾಕ್’ ಮಾಡಿದರು. ಆಟೋಹಾರ್ಪ್ ಮುಖ್ಯವಾಗಿ ಕೇಳಿಸುವುದು 2011ರ ‘ಲೆಟ್ ಇಂಗ್ಲೆಂಡ್ ಶೇಕ್’ನಲ್ಲಿ. ಡಾರ್ಸೆಟ್‌ನ ಚರ್ಚೊಂದರಲ್ಲಿ ಧ್ವನಿಮುದ್ರಿಸಿದ, ಯುದ್ಧದ ಸಾವುನೋವಿನ ಹಾಡುಗಳವು. ಗಿಟಾರ್ ಗುಡುಗಿದ್ದರೆ ಆ ಮಾತುಗಳು ಮುಳುಗಿಯೇ ಹೋಗುತ್ತಿದ್ದವು. ವರ್ಷದ ಶ್ರೇಷ್ಠ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ 2001ರಲ್ಲಿ ಒಮ್ಮೆ ಬಂದಿತ್ತು, ಅದನ್ನು ಎರಡನೇ ಸಲ ತಂದದ್ದೂ ಇದೇ.

ನಿಮ್ಮ ವಾದ್ಯಕ್ಕೆ ಬರೋಣ. ನೋಡಲು ನಮ್ಮ ಸ್ವರಮಂಡಲದ ನಂಟ. ಸಾಮಾನ್ಯವಾಗಿ 36 ತಂತಿ, ಮೇಲೆ ನೀವು ಹೇಳುವ ಗುಂಡಿಗಳಿರುವ ಅಡ್ಡಪಟ್ಟಿಗಳು. ಪಟ್ಟಿಯ ಅಡಿಯ ಫೆಲ್ಟ್, ಅಂದರೆ ಒತ್ತಿದ ಉಣ್ಣೆಬಟ್ಟೆ, ಆ ಸ್ವರಮೇಳಕ್ಕೆ ಬೇಡದ ತಂತಿಗಳ ಬಾಯಿ ಮುಚ್ಚಿಸುತ್ತದೆ, ಬೇಕಾದವುಗಳ ನೇರಕ್ಕೆ ಅದರಲ್ಲಿ ಕಚ್ಚು ಇರುತ್ತದೆ. ಮೊದಲು ಶ್ರುತಿ ತೋರಿಸುವ ಟ್ಯೂನರ್ ಇಟ್ಟು ಒಂದೊಂದೇ ತಂತಿ ಶ್ರುತಿ ಮಾಡಿ. ಮರುದಿನ ಇಳಿದಿರುತ್ತದೆ, ಮತ್ತೆ ಮಾಡಿ. ಬಳಿಕ ಒಂದು ಪಟ್ಟಿಯನ್ನು ಗಟ್ಟಿಯಾಗಿ ಒತ್ತಿ ತಂತಿಗಳನ್ನು ನಿಧಾನವಾಗಿ ಮೀಟುತ್ತಾ ಹೋಗಿ. ಬೇಡದ ತಂತಿ ‘ಟಿಣ್’ ಎಂದರೆ ಅಲ್ಲಿ ಫೆಲ್ಟ್ ಸವೆದು ಕುಳಿಬಿದ್ದಿದೆ, ಬದಲಿಸಿ. ಬೇಕಾದ ತಂತಿಯೇ ಮಂಕಾಗಿ ನುಡಿದರೆ ಕಚ್ಚು ಪಕ್ಕಕ್ಕೆ ಜರುಗಿದೆ.