ನಮ್ಮ ರಜೆಯೆಲ್ಲ ನೆಂಟರ ಪಾಲಾಗಿದೆ

ಅಕ್ಕಾ, ನಾನು ಗಂಗಾವತಿಯವಳು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಯಜಮಾನರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಅತ್ತೆ, ಹದಿಮೂರು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಇಷ್ಟು ನಮ್ಮ ಸಂಸಾರ. ಅಂಜನಾದ್ರಿ, ಆನೆಗೊಂದಿ, ಹಂಪಿ ಎಲ್ಲವೂ ನಮ್ಮೂರಿಗೆ ಹತ್ತಿರ. ಹಾಗಾಗಿ ಯಾವ ರಜೆ ಬಂದರೂ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ನೆಂಟರು ನಮ್ಮ ಮನೆಯಲ್ಲಿರುತ್ತಾರೆ. ಈಚೆಗೆ ಅವರ ಜೊತೆ ಅವರ ಆಫೀಸಿನ ಗೆಳೆಯರೂ ಬರತೊಡಗಿದ್ದಾರೆ. ಮಗಳು ತನ್ನ ಕೋಣೆ ಬಿಟ್ಟುಕೊಟ್ಟು ನಡುಮನೆಯಲ್ಲಿ ಮಲಗುತ್ತಾಳೆ. ನಾನು ಒಲೆಯ ಮುಂದಿನಿಂದ ಏಳುವುದಿಲ್ಲ. ‘ನಿನಗೇನು, ಶಾಲೆಗೆ ರಜೆ ಇದೆಯಲ್ಲ’ ಎನ್ನುತ್ತಾರೆ ಎಲ್ಲರೂ. ಆ ತಿಂಗಳ ಸಂಬಳ ಕಿರಾಣಿ ಅಂಗಡಿಗೇ ಹೋಗುತ್ತದೆ. ಚೀಟಿ ಕಟ್ಟಿ ನಲವತ್ತೆಂಟು ಸಾವಿರ ರೂಪಾಯಿ ಕೂಡಿಸಿದ್ದೇನೆ. ಈ ದಸರೆಗೆ ಮಕ್ಕಳಿಗೆ ಸಮುದ್ರ ತೋರಿಸಬೇಕೆಂಬ ಆಸೆ, ನಾನೂ ನೋಡಿಲ್ಲ. ಆದರೆ ಯಜಮಾನರು ಆ ಹಣದಲ್ಲಿ ಮಾಳಿಗೆಯ ಮೇಲೆ ಬಂದವರಿಗಾಗಿ ಒಂದು ಕೋಣೆ ಕಟ್ಟಿಸೋಣ ಎನ್ನುತ್ತಿದ್ದಾರೆ. ಬಂದವರನ್ನು ಬೇಡವೆಂದರೆ ಮನೆತನದ ಹೆಸರು ಕೆಡುತ್ತದೆ ಎಂದು ಅತ್ತೆಯ ಆತಂಕ. ಮನೆಗೆ ಸುಣ್ಣ ಬಣ್ಣ ನಡೆದಿದೆ ಎಂದು ಸುಳ್ಳು ಹೇಳಿಬಿಡಲೇ ಎನಿಸುತ್ತದೆ. ಮೊನ್ನೆ ಮಗಳು, ‘ಅಮ್ಮಾ, ನಾವು ಯಾರ ಮನೆಗೆ ಯಾವಾಗ ನೆಂಟರಾಗಿ ಹೋಗುವುದು?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

— ಒಬ್ಬ ಶಿಕ್ಷಕಿ, ಗಂಗಾವತಿ

ತಂಗಿ, ಮೊದಲ ಮಾತು ಆ ಮಾಳಿಗೆಯ ಕೋಣೆಯದು. ಅದನ್ನು ಕಟ್ಟಿಸಲು ಒಪ್ಪಬೇಡಿ. ಇವತ್ತು ಹೇಗೋ ಹೊಂದಿಸಿಕೊಂಡು ಸಾಗುತ್ತಿರುವ ಕಷ್ಟಕ್ಕೆ ಗೋಡೆ, ಬಾಗಿಲು, ಬೀಗ ಸಿಕ್ಕರೆ ಅದು ಮನೆಯ ಕಾಯಂ ವ್ಯವಸ್ಥೆಯಾಗುತ್ತದೆ. ಈಗ ಬರುವವರಲ್ಲಿ ಕೆಲವರಾದರೂ ‘ಅವರಿಗೂ ಇಕ್ಕಟ್ಟು’ ಎಂದು ಹಿಂಜರಿಯುತ್ತಿರಬಹುದು. ಕೋಣೆ ಎದ್ದ ದಿನ ಆ ಹಿಂಜರಿಕೆಯೂ ಮುಗಿಯಿತು. ಅಡುಗೆ, ಹಾಸಿಗೆ, ಬಟ್ಟೆ, ಪಾತ್ರೆ ಎಲ್ಲವೂ ನಿಮ್ಮ ಪಾಲಿಗೇ ಉಳಿಯುತ್ತವೆ, ಅದರ ಜೊತೆಗೆ ಮಹಡಿ ಹತ್ತಿ ಗುಡಿಸುವ ಕೆಲಸ ಒಂದು ಹೆಚ್ಚು. ಅದೂ ನಿಮ್ಮ ಸಂಬಳದಲ್ಲಿ ಉಳಿಸಿ ಕಟ್ಟಿದ ಚೀಟಿಯ ಹಣದಿಂದ! ನಿಮ್ಮ ಯಜಮಾನರು ಕೆಟ್ಟ ಮನಸ್ಸಿನಿಂದ ಈ ಮಾತು ಹೇಳಿದ್ದಾರೆಂದು ನಾನು ಭಾವಿಸುವುದಿಲ್ಲ. ಮಗಳು ನಡುಮನೆಯಲ್ಲಿ ಮಲಗುವುದು ಅವರಿಗೂ ನೋವು ತಂದಿರಬೇಕು. ಆದರೆ ಆ ಕೋಣೆಯಿಂದ ಸುಖವಾಗುವುದು ಬರುವವರಿಗೆ. ನಿಮ್ಮ ದುಡಿಮೆ ಒಂದು ಗಂಟೆಯಷ್ಟೂ ಇಳಿಯುವುದಿಲ್ಲ.

ಇನ್ನು ಅತ್ತೆಯವರ ಮಾತು. ಅದನ್ನು ಹಳೆಯ ಕಾಲದವರ ಹಠವೆಂದು ತಳ್ಳಿಹಾಕಬೇಡಿ. ಅವರು ಅನ್ನ ಹಾಕಿ ಸಂಪಾದಿಸಿದ ಹೆಸರು ಅದು, ಅದರ ಬಗ್ಗೆ ಅವರಿಗೆ ಅಭಿಮಾನವಿರುವುದು ನ್ಯಾಯ. ಆದರೆ ಒಂದು ಸಂಜೆ ಅವರ ಪಕ್ಕ ಕುಳಿತು, ಅವರ ಕಾಲದಲ್ಲಿ ಆ ಅನ್ನ ಹೇಗೆ ಬೇಯುತ್ತಿತ್ತು ಎಂದು ಕೇಳಿ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಆಗ ಅಕ್ಕಿ, ಜೋಳ ಹೊಲದಿಂದ ಬರುತ್ತಿದ್ದವು, ಹಾಲು ಕೊಟ್ಟಿಗೆಯಿಂದ. ನೆಗೆಣ್ಣಿಯರು ಮೂರು ನಾಲ್ಕು ಜನ ಒಂದೇ ಒಲೆಯ ಸುತ್ತ ಇರುತ್ತಿದ್ದರು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಪಲ್ಯ ನೋಡುತ್ತಿದ್ದಳು, ಮತ್ತೊಬ್ಬಳು ಕೂಸುಗಳನ್ನು ಹಿಡಿಯುತ್ತಿದ್ದಳು. ನೆಂಟರೂ ವರ್ಷಕ್ಕೊಮ್ಮೆ, ಜಾತ್ರೆಗೋ ಮದುವೆಗೋ ಬರುತ್ತಿದ್ದರು. ಬಂದ ಹೆಂಗಸರು ಕಾಲು ತೊಳೆದು ನೇರ ಅಡುಗೆಮನೆಗೆ ನಡೆಯುತ್ತಿದ್ದರು. ಈಗ ಬೆಂಗಳೂರಿನಿಂದ ಚಿತ್ರದುರ್ಗದ ಮೇಲೆ ಹೊಸಪೇಟೆಯವರೆಗೆ ಹೆದ್ದಾರಿ ಇದೆ. ಬೆಳಿಗ್ಗೆ ಕಾರು ಹತ್ತಿದವರು ಮಧ್ಯಾಹ್ನದ ಊಟಕ್ಕೆ ನಿಮ್ಮ ಮನೆಯಲ್ಲಿರುತ್ತಾರೆ. ತುಂಗಭದ್ರೆಗೆ ಬುಕ್ಕಸಾಗರ ಸೇತುವೆಯಾದ ಮೇಲೆ ಹೊಳೆಯ ಆಚೆ ಈಚೆ ಎಂಬ ತೊಡಕೂ ಹೋಯಿತು. ಬರುವವರ ದಾರಿ ಇಷ್ಟು ಸಲೀಸಾಗಿದೆ. ಬಡಿಸುವ ಮನೆಯಲ್ಲಿ ಮಾತ್ರ ನಾಲ್ಕು ಜೋಡಿ ಕೈಗಳಿದ್ದಲ್ಲಿ ಒಂದು ಜೋಡಿ ಉಳಿದಿದೆ. ಹಾಲು, ಎಣ್ಣೆ, ತರಕಾರಿ ಎಲ್ಲಕ್ಕೂ ಕೈಯಿಂದಲೇ ದುಡ್ಡು ಬಿಚ್ಚಬೇಕು. ಈ ವ್ಯತ್ಯಾಸವನ್ನು ಅತ್ತೆಯವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ನಿಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ, ಏಕೆಂದರೆ ಎರಡೂ ಕಾಲವನ್ನು ಕಂಡವರು ಅವರೊಬ್ಬರೇ.

ಅವರು ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿದವರೇ ಆಗಿರುತ್ತಾರೆ. ಪುಷ್ಯ ಮಾಸದಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹ ಹೇಗೆ ನಡೆಯುತ್ತದೆ ಎಂಬುದನ್ನು ಅವರಿಗೇ ನೆನಪಿಸಿ. ಊರೂರಿನ ಹೆಂಗಸರು ದಿನಗಟ್ಟಲೆ ರೊಟ್ಟಿ ಬಡಿದು ಒಣಗಿಸಿ ಕಳಿಸುತ್ತಾರೆ. ಮಾದಲಿ ಬರುತ್ತದೆ, ದವಸ ಬರುತ್ತದೆ, ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಬರುತ್ತದೆ. ಬಡಿಸುವುದಕ್ಕೆ, ತೊಳೆಯುವುದಕ್ಕೆ ಹಳ್ಳಿಗಳಿಂದ ಜನ ಸರದಿಯ ಮೇಲೆ ನಿಲ್ಲುತ್ತಾರೆ. ಲಕ್ಷಾಂತರ ಜನ ಉಣ್ಣುವ ಆ ಪಂಕ್ತಿಯ ಹಿಂದೆ ಸಾವಿರಾರು ಕೈಗಳಿವೆ. ನಮ್ಮ ಸೀಮೆ ದಾಸೋಹವನ್ನು ಕಲಿತದ್ದೇ ಹಾಗೆ, ಹಂಚಿಕೊಂಡು ಮಾಡುವ ಕೆಲಸವಾಗಿ. ಒಬ್ಬಳೇ ಹೆಣ್ಣುಮಗಳು ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ನಿಂತು ಮಾಡಿ, ಉಳಿದವರೆಲ್ಲ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ ದಣಿವನ್ನು ಹೇಳಿಕೊಳ್ಳುತ್ತ ಊಟಕ್ಕೆ ಕೂಡುವುದನ್ನು ನಾನು ಆ ಹೆಸರಿನಿಂದ ಕರೆಯಲಾರೆ.

ಹಾಗೆಂದು ಎಲ್ಲರಿಗೂ ಬಾಗಿಲು ಮುಚ್ಚಿ ಎನ್ನುತ್ತಿಲ್ಲ. ನಿಮ್ಮನ್ನು ನೋಡಲು ಬರುವವರು ಬೇರೆ, ಹಂಪಿ ನೋಡಲು ಬಂದು ನಿಮ್ಮಲ್ಲಿ ಇಳಿದುಕೊಳ್ಳುವವರು ಬೇರೆ. ಇಬ್ಬರನ್ನೂ ನೀವು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ, ಅದಕ್ಕೇ ಇಷ್ಟು ದಣಿವು. ನಿಮ್ಮ ನಾದಿನಿ ಬಂದರೆ, ಹೆರಿಗೆಯಾದ ತಂಗಿ ಬಂದರೆ, ಅತ್ತೆಯವರ ವಯಸ್ಸಾದ ತಮ್ಮ ಬಂದು ನಾಲ್ಕು ದಿನ ಇದ್ದರೆ, ಅದು ಸಂಬಂಧ. ಅವರಿಗೆ ಸಮಯವನ್ನೂ ಕೊಡಿ, ಅನ್ನವನ್ನೂ ಹಾಕಿ. ಅಂಥವರನ್ನು ಸಾಕಷ್ಟು ಮಾತನಾಡಿಸಲೂ ಈಗ ನಿಮಗೆ ಬಿಡುವಿಲ್ಲ. ಆದರೆ ಚಿಕ್ಕಪ್ಪನ ಮಗನ ಆಫೀಸಿನ ಗೆಳೆಯರಿಗೆ ಹಾಸಿಗೆ ಹಾಸುವ ಋಣ ನಿಮಗಿಲ್ಲ. ಹೊಸಪೇಟೆಯಲ್ಲಿ ಎಲ್ಲ ದರದ ವಸತಿಗೃಹಗಳಿವೆ. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ. ಆನೆಗೊಂದಿ ಮತ್ತು ಸಣಾಪುರದ ಕಡೆ ಊರವರೇ ನಡೆಸುವ ಹೋಮ್‌ಸ್ಟೇಗಳಿವೆ, ಅಲ್ಲಿ ಕೊಟ್ಟ ಹಣ ನಮ್ಮವರ ಕೈಗೇ ಸೇರುತ್ತದೆ. ‘ಉಳಿಯುವುದು ಅಲ್ಲಿ, ಒಂದು ಹೊತ್ತಿನ ಊಟ ನಮ್ಮಲ್ಲಿ’ ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಇಟ್ಟು ಒಂದೇ ಊಟ ಹಾಕಿ. ಅದನ್ನು ನಗುನಗುತ್ತ ಬಡಿಸಲು ನಿಮ್ಮಲ್ಲಿ ಆಗ ತ್ರಾಣ ಉಳಿದಿರುತ್ತದೆ.

ಈ ಮಾತನ್ನು ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಅವರ ಕಡೆಯ ನೆಂಟರಿಗೆ ನೀವು ಫೋನ್ ಮಾಡಿ ಹೇಳಿದರೆ ‘ಸೊಸೆ ಬಂದ ಮೇಲೆ ಮನೆ ಬದಲಾಯಿತು’ ಎಂಬ ಮಾತು ಹುಟ್ಟುತ್ತದೆ, ಅದು ಅತ್ತೆಯವರ ಕಿವಿಗೂ ಬೀಳುತ್ತದೆ. ಅದೇ ಮಾತು ಮಗನ ಬಾಯಿಂದ ಬಂದರೆ ಮನೆಯ ತೀರ್ಮಾನವೆನಿಸುತ್ತದೆ. ಆದರೆ ಅದಕ್ಕೂ ಮೊದಲು ನೀವು ಯಜಮಾನರಿಗೆ ಬಾಯಿಬಿಟ್ಟು ಹೇಳಬೇಕು. ನಿಮ್ಮ ಇಡೀ ಪತ್ರದಲ್ಲಿ ‘ನನಗೆ ಸಾಕಾಗಿದೆ’ ಎಂದು ನೀವು ಅವರಿಗೆ ಹೇಳಿದ ಒಂದು ಸಾಲೂ ಇಲ್ಲ. ಲೆಕ್ಕ ಬರೆಯುವವರಿಗೆ ಲೆಕ್ಕದಲ್ಲಿಯೇ ತೋರಿಸಿ. ಹೋದ ಬೇಸಿಗೆಯ ಕಿರಾಣಿ ಚೀಟಿ, ಹಾಲಿನವನ ಬಾಕಿ, ಹೆಚ್ಚಿಗೆ ತರಿಸಿದ ಸಿಲಿಂಡರ್, ನೆಂಟರನ್ನು ಕರೆದೊಯ್ಯಲು ಹಿಡಿದ ವಾಹನದ ಬಾಡಿಗೆ, ಹೋಗುವಾಗ ಮಕ್ಕಳ ಕೈಗಿಟ್ಟ ನೋಟುಗಳು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಬೈಯಬೇಡಿ, ಅಳಬೇಡಿ, ಬರೀ ಹಾಳೆ ಕೊಡಿ. ಅದರ ಕೆಳಗೆ ಮಗಳು ಕೇಳಿದ ಪ್ರಶ್ನೆಯನ್ನು ಅವಳ ಮಾತಿನಲ್ಲಿಯೇ ಬರೆಯಿರಿ. ಆ ಪ್ರಶ್ನೆ ನಿಮ್ಮ ಪತ್ರದ ಉಳಿದ ಎಲ್ಲ ಸಾಲುಗಳಿಗಿಂತ ನನ್ನನ್ನು ಹೆಚ್ಚು ಕಲಕಿದೆ. ಹದಿಮೂರರ ಹುಡುಗಿ ಒಂದು ಪಾಠ ಕಲಿಯುತ್ತಿದ್ದಾಳೆ: ರಜೆ ಎಂದರೆ ಗಂಡಸರು ತಿರುಗಾಡುವುದು, ಹೆಂಗಸರು ಬೇಯಿಸುವುದು, ಹುಡುಗಿಯರು ತಮ್ಮ ಜಾಗ ಬಿಟ್ಟುಕೊಡುವುದು. ಇದು ಅವಳ ಮನಸ್ಸಿನಲ್ಲಿ ಗಟ್ಟಿಯಾಗುವ ಮೊದಲು ನಿಲ್ಲಬೇಕು.

ಸುಣ್ಣ ಬಣ್ಣದ ಸುಳ್ಳು ಬೇಡ. ದಸರೆಗೆ ಸುಣ್ಣವಾದರೆ ಕ್ರಿಸ್‌ಮಸ್‌ಗೆ ಏನು ಹೇಳುತ್ತೀರಿ? ನೆಪ ಪ್ರತಿ ರಜೆಗೂ ಹೊಸದಾಗಿ ಬೇಕಾಗುತ್ತದೆ, ಒಂದಲ್ಲ ಒಂದು ದಿನ ಮಕ್ಕಳ ಬಾಯಿಂದಲೇ ಹೊರಬೀಳುತ್ತದೆ. ‘ಈ ಸಲ ನಾವೇ ಊರಿಗೆ ಹೋಗುತ್ತಿದ್ದೇವೆ, ಮನೆಯಲ್ಲಿ ಯಾರೂ ಇರುವುದಿಲ್ಲ’ ಎಂಬುದು ಸತ್ಯವೂ ಹೌದು, ಸಾಕಷ್ಟು ಉತ್ತರವೂ ಹೌದು. ಕೀಲಿಕೈಯನ್ನು ಮಾತ್ರ ಯಾರಿಗೂ ಕೊಡಬೇಡಿ.

ಇನ್ನು ಸಮುದ್ರ. ಅದಕ್ಕೆ ಹಣ ಸುರಿಯುವುದು ಸರಿಯೇ ಎಂಬ ಅಳುಕು ನಿಮ್ಮ ಮಾತಿನಲ್ಲಿದೆ. ಸಾಲ ಮಾಡಿ ಹೋಗುವವರಿಗೆ ನಾನು ಬೇಡವೆನ್ನುತ್ತೇನೆ. ಪ್ರವಾಸಕ್ಕೆ ಕಂತಿನ ಸಾಲ ಕೊಡುವವರು ಈಗ ಮೊಬೈಲಿನಲ್ಲಿಯೇ ಸಿಗುತ್ತಾರೆ, ಅವರ ಹತ್ತಿರ ಸುಳಿಯಬೇಡಿ. ಆದರೆ ನಿಮ್ಮದು ಕೂಡಿಟ್ಟ ಹಣ. ಅದರಲ್ಲಿಯೂ ಎಲ್ಲವೂ ಬೇಕಾಗುವುದಿಲ್ಲ. ಬಹಳ ಕಾಲ 63ನೆಯ ಸಂಖ್ಯೆಯಿದ್ದ ಹೆದ್ದಾರಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಹಾಯ್ದು ಅಂಕೋಲೆಯಲ್ಲಿ ಸಮುದ್ರದ ಬಳಿ ಮುಗಿಯುತ್ತಿತ್ತು. ಈಗ ಸಂಖ್ಯೆಗಳು ಬದಲಾಗಿವೆ, ದಾರಿ ಅದೇ. ಸಿಂಧನೂರಿನಿಂದ ಗಂಗಾವತಿಯ ಮೇಲೆ ಹುಬ್ಬಳ್ಳಿಗೆ ಹೋಗುವ ರೈಲು ಇದೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬಸ್ಸು. ಅಲ್ಲಿಂದ ಒಂದು ಕಡೆ ಗೋಕರ್ಣ, ಇನ್ನೊಂದು ಕಡೆ ಕಾರವಾರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ನಿಮಗೂ ಮಗಳಿಗೂ, ಅತ್ತೆ ಬರುವುದಾದರೆ ಅವರಿಗೂ ಟಿಕೆಟ್ಟಿಗೆ ಹಣವಿಲ್ಲ; ಆಧಾರ್ ಕಾರ್ಡ್ ಮರೆಯಬೇಡಿ. ಮಗನದು ಅರ್ಧ ಟಿಕೆಟ್. ದೊಡ್ಡ ಖರ್ಚೆಂದರೆ ಕೋಣೆಯ ಬಾಡಿಗೆ. ಐದು ದಿನ ಹಿತಮಿತವಾಗಿ ಇದ್ದು ಬಂದರೂ ಚೀಟಿಯ ಹಣದಲ್ಲಿ ಒಂದಿಷ್ಟು ಉಳಿಯಬೇಕು. ಉಳಿದದ್ದನ್ನು ನಿಮ್ಮ ಹೆಸರಿನಲ್ಲಿಯೇ ಇಡಿ.

ದಸರೆಯ ಹೊತ್ತು ನಿಮಗೆ ಹೇಳಿ ಮಾಡಿಸಿದಂತಿದೆ. ಮಳೆಗಾಲದ ಅಬ್ಬರ ಕಳೆದು ಸಮುದ್ರ ಶಾಂತವಾಗುತ್ತಿರುತ್ತದೆ, ಘಟ್ಟ ಇನ್ನೂ ಹಸಿರಾಗಿರುತ್ತದೆ. ಯಲ್ಲಾಪುರದ ಹತ್ತಿರದ ಮಾಗೋಡು ಜಲಪಾತದಲ್ಲಿ ನೀರಿರುತ್ತದೆ. ಮುಖ್ಯವಾಗಿ, ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನ ಹೊಸ ಭತ್ತ ಗಿರಣಿಗಳಿಗೆ ಬರುವುದಕ್ಕೆ ಇನ್ನೂ ಸಮಯವಿರುತ್ತದೆ. ಒಮ್ಮೆ ಸುಗ್ಗಿ ಶುರುವಾದರೆ ಲೆಕ್ಕದವರಿಗೆ ತಲೆಯೆತ್ತಲು ಬಿಡುವಿಲ್ಲ ಎಂಬುದು ನನಗಿಂತ ನಿಮಗೆ ಗೊತ್ತು. ಬೇಸಿಗೆ ರಜೆಗೆ ಮುಂದೂಡಿದರೆ ಎರಡನೆಯ ಬೆಳೆಯ ಭತ್ತ ಬಂದು ನಿಂತಿರುತ್ತದೆ. ನೀವಿಬ್ಬರೂ ಒಟ್ಟಿಗೆ ಬಿಡುವಾಗಿ ಸಿಗುವ ಕಾಲ ವರ್ಷದಲ್ಲಿ ಇದೊಂದೇ. ಅದನ್ನೇ ಇಷ್ಟು ವರ್ಷ ಬೇರೆಯವರಿಗೆ ಕೊಟ್ಟಿದ್ದೀರಿ.

ಅತ್ತೆಯವರನ್ನು ಖಂಡಿತ ಕರೆಯಿರಿ. ಗೋಕರ್ಣದ ಮಹಾಬಲೇಶ್ವರನ ಹೆಸರು ಹೇಳಿದರೆ ಅವರು ಹೂಂ ಎನ್ನಬಹುದು. ಆದರೆ ಹೋಗುವುದು ದೇವರ ದರ್ಶನಕ್ಕಷ್ಟೇ ಎಂದು ಮರೆಮಾಚಬೇಡಿ, ಮಕ್ಕಳು ನೀರಿನಲ್ಲಿ ಆಡಲಿಕ್ಕೂ ಹೋಗುತ್ತಿದ್ದೇವೆ ಎಂದೇ ಹೇಳಿ. ಬರಲು ಆಗದಿದ್ದರೆ ಆ ಐದು ದಿನ ಅವರು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಅವರಿಗೂ ಬೇರೆಯವರು ಬಡಿಸಿದ ಊಟ ಸಿಕ್ಕಿ ಎಷ್ಟು ಕಾಲವಾಯಿತೋ.

ಯಜಮಾನರು ಇಷ್ಟಾದರೂ ಒಪ್ಪದಿದ್ದರೆ? ಮಕ್ಕಳನ್ನು ಕರೆದುಕೊಂಡು ನೀವು ಹೊರಡಿ. ತವರಿನ ಕಡೆಯ ಅಕ್ಕನೋ, ಶಾಲೆಯ ಗೆಳತಿಯೋ ಜೊತೆಯಾದರೆ ಇನ್ನೂ ಒಳ್ಳೆಯದು. ಜಗಳವಾಡಿ ಹೋಗುವ ಅಗತ್ಯವಿಲ್ಲ. ಹೋಗುವ ದಿನ, ಬರುವ ದಿನ, ಉಳಿಯುವ ಜಾಗ ಮೂರನ್ನೂ ಹೇಳಿ ಹೋಗಿ. ಆ ವಾರ ಬೆಂಗಳೂರಿನವರು ಬಂದೇ ಬಂದರೆ ಅವರಿಗೆ ಅನ್ನ ಮಾಡಿ ಹಾಕುವ ಜವಾಬ್ದಾರಿ ಯಜಮಾನರದು.

ಇನ್ನೊಂದು ಮಾತು. ವರ್ಷಕ್ಕೊಂದು ದೊಡ್ಡ ಪ್ರವಾಸಕ್ಕಾಗಿ ಕಾಯುತ್ತ ಉಳಿದ ಭಾನುವಾರಗಳನ್ನು ಕಳೆದುಕೊಳ್ಳಬೇಡಿ. ನೆಂಟರಿಗೆ ದಾರಿ ಹೇಳಿ ಹೇಳಿ ಹಂಪಿ ನಿಮಗೆ ಬೇಸರ ತಂದಿರಬಹುದು. ಆದರೆ ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ಇಟಗಿಯ ಮಹಾದೇವ ದೇವಾಲಯವಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು, ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಹೊಗಳಿದೆ. ನಿಮ್ಮ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ಬುತ್ತಿ ಕಟ್ಟಿಕೊಂಡು ಮಕ್ಕಳ ಜೊತೆ ಅರ್ಧ ದಿನದಲ್ಲಿ ಹೋಗಿ ಬರುವ ಜಾಗಗಳಿವು. ಮಗಳಿಗೆ ಚರಿತ್ರೆಯ ಪಾಠವೂ ಆಯಿತು.

ಶಾಲೆಯ ವರ್ಷದ ಕ್ಯಾಲೆಂಡರಿನಲ್ಲಿ ದಸರಾ ರಜೆಯ ದಿನಗಳು ಇದ್ದೇ ಇವೆ. ಗೋಕರ್ಣದಲ್ಲಿ ರಜೆಯ ಹೊತ್ತಿಗೆ ಕೋಣೆಗಳು ಬೇಗ ತುಂಬುತ್ತವೆ, ಬೆಂಗಳೂರಿನವರೂ ಇಷ್ಟರಲ್ಲೇ ನಿಮ್ಮ ಮನೆಗೆ ಫೋನ್ ಮಾಡುತ್ತಾರೆ. ಅವರ ಫೋನ್ ಬರುವ ಮೊದಲೇ, ಈ ಭಾನುವಾರ ಊಟವಾದ ಮೇಲೆ ಆ ಲೆಕ್ಕದ ಹಾಳೆಯನ್ನು ಯಜಮಾನರ ಮುಂದಿಡಿ. ಮಾತು ಮುಗಿದ ದಿನವೇ ಕೋಣೆಗೆ ಮುಂಗಡ ಕಟ್ಟಿಬಿಡಿ.