ಫ್ರಿಜ್ ನಿಲ್ಲುವುದಕ್ಕೆ ತಂತಿ ಕಾರಣವಿರಬಹುದು
ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿದ್ದರೂ ವ್ಯಾನಿನ ಫ್ರಿಜ್ ರಾತ್ರಿ ನಿಂತುಹೋಗುತ್ತಿದೆ ಎಂದರೆ, ಬಹುಶಃ ಬ್ಯಾಟರಿಯಿಂದ ಫ್ರಿಜ್ಜಿಗೆ ಹೋಗುವ ತಂತಿ ತೆಳುವಾಗಿದೆ. ಎರಡನೇ ಬ್ಯಾಟರಿಗೆ ಈಗಲೇ ದುಡ್ಡು ಸುರಿಯಬೇಡಿ. ಕಂಪ್ರೆಸರ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಮೊದಲು ಬ್ಯಾಟರಿಯ ತುದಿಗಳಲ್ಲಿ, ಆಮೇಲೆ ಫ್ರಿಜ್ಜಿನ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಬ್ಯಾಟರಿಯಿಂದ ಫ್ರಿಜ್ 6 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 12 ಮೀಟರ್, 1.5 ಚದರ ಮಿ.ಮೀ. ತಾಮ್ರದಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 6 ಚದರ ಮಿ.ಮೀ. ಹಾಕಿದರೆ ಅದು 0.2ರೊಳಗೆ ನಿಲ್ಲುತ್ತದೆ. ಜೋಡಣೆಗಳನ್ನೂ ಮುಟ್ಟಿ ನೋಡಿ. ನನ್ನ ವ್ಯಾನಿನಲ್ಲಿ ಸಡಿಲವಾಗಿದ್ದ ಒಂದು ಜೋಡಣೆ ಬೆರಳಿಗೆ ಬಿಸಿ ತಾಗುತ್ತಿತ್ತು. ಹೊಸ ತಂತಿಗೆ 15 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಹಾಕಿ, ಇದನ್ನು ದಯವಿಟ್ಟು ಬಿಡಬೇಡಿ. ಎರಡೂ ಕಡೆ ವೋಲ್ಟೇಜ್ ಒಟ್ಟಿಗೇ ಕುಸಿದರೆ ಬ್ಯಾಟರಿಯೇ ಸೋತಿರಬಹುದು. ಪೂರ್ತಿ ಚಾರ್ಜ್ ಮಾಡಿ ಲೋಡ್ ಪರೀಕ್ಷೆ (ಕರೆಂಟ್ ಎಳೆಯುವಾಗ ವೋಲ್ಟೇಜ್ ನಿಲ್ಲುತ್ತದೆಯೇ ಎಂದು ನೋಡುವುದು) ಮಾಡಿಸಿ.